ಸುತ್ತುಹಾದಿಯ ಫೋಟೋಗಳು

ರಾಮದುರ್ಗ
ರವಿವಾರ, ೯ ಫೆಬ್ರುವರಿ ೨೦೨೫

ಪ್ರೀತಿಯ ಉಮಾ,

ಇಲ್ಲಿ ನಾವೆಲ್ಲ ಆರಾಮ ಇದ್ದೇವೆ. ಸಾಂಗಲಿಯಲ್ಲಿ ನೀನು, ನಿಮ್ಮ ಮನೆಯವರು, ಮಗಳು ಮಧು ಎಲ್ಲರೂ ಆರಾಮ ಇದ್ದೀರೆಂದು ತಿಳಿಯುತ್ತೇನೆ. ನಿನ್ನ ಮೊಣಕಾಲು ನೋವು ಹೇಗಿದೆ? ನಾನು ಹೇಳಿಕೊಟ್ಟ ವ್ಯಾಯಾಮ ನೀನು ಮಾಡುತ್ತಿಲ್ಲ ಎಂದು ನನಗೆ ಗೊತ್ತು, ಮಾಡುತ್ತಿದ್ದೇನೆ ಎಂದು ಸುಳ್ಳು ಹೇಳಬೇಡ. ಕಾಗದ ಇಷ್ಟು ತಡವಾದದ್ದಕ್ಕೆ ನನ್ನ ಮೇಲೆ ಸಿಟ್ಟಾಗು, ಆದರೆ ಸಿಟ್ಟಿನಲ್ಲಿ ಅರ್ಧಕ್ಕೇ ಓದುವುದನ್ನು ಬಿಡಬೇಡ. "ಫೋನಿನ್ಯಾಗ ಕಳಸಿದ್ರ ಬೆರಳ ಸರಸಿ ಮರತಬಿಡತೇನಿ. ಪ್ರಿಂಟ್ ಹಾಕಿಸಿ, ಕಾಗದಾ ಬರದು ಕಳಸು" ಎಂದು ನೀನು ಹೇಳಿ ಎರಡು ತಿಂಗಳಾಗುತ್ತ ಬಂತು.

ತಡಕ್ಕೆ ಆಸ್ಪತ್ರೆಯ ಡ್ಯೂಟಿ ಕಾರಣ ಎಂದು ಬರೆದರೆ ನೀನು ನಂಬುತ್ತಿ. ನರ್ಸಿನ ಕೆಲಸಕ್ಕೆ ಇದೊಂದು ಅನುಕೂಲ, ಯಾವ ತಪ್ಪಿಗೂ ಡ್ಯೂಟಿ ಅಡ್ಡ ನಿಲ್ಲುತ್ತದೆ. ಆದರೆ ನಿಜ ಅದಲ್ಲ. ಈ ಕಾಗದವನ್ನು ಎರಡು ಸಲ ಬರೆದು ಎರಡು ಸಲ ಹರಿದೆ. ನನ್ನ ಸ್ಟೇಟಸ್ಸಿನಲ್ಲಿ ಕೊಳ್ಳದ ಫೋಟೋ ನೋಡಿ ನೀನು ಫೋನ್ ಮಾಡಿದಾಗ ಕೇಳಿದೆಯಲ್ಲ, "ಭಾಗ್ಯಾ, ಖರೇನ ಇದು ನಮ್ಮೂರ? ಹುಟ್ಟಿ ಇಪ್ಪತ್ತ ವರ್ಷ ಅಲ್ಲೇ ಇದ್ದಾಕಿ ನಾ. ಈ ಕೊಳ್ಳ ನನ್ನ ಕಣ್ಣಿಗೆ ಯಾಕ ಬೀಳಲಿಲ್ಲ? ನಿನಗ ಹೆಂಗ ಗೊತ್ತಾತು?" ಅಂತ. ಆಗ ನಾನು ನಕ್ಕು, ಬಂದಾಗ ಹೇಳತೇನಿ ಎಂದೆ. ನೀನು ನಿಜವಾಗಿಯೂ ಬರುವವಳಾದೆ. ಶಿವರಾತ್ರಿಗೆ ತವರಿಗೆ ಬಂದು, ಮಾರ್ಚ್ ಎರಡರ ರವಿವಾರ ಮಧುವನ್ನೂ ಕರೆದುಕೊಂಡು ನನ್ನ ಜೊತೆ ಆ ದಾರಿ ನಡೆಯುತ್ತೇನೆ ಎಂದಿದ್ದೀ. ನೀನು ಬರುವ ಮೊದಲು ನಿನ್ನ ಪ್ರಶ್ನೆಗೆ ಉತ್ತರ ಕೊಡಬೇಕು. ಕೊಟ್ಟ ಮೇಲೂ ನೀನು ಬರುತ್ತೀಯೋ ಇಲ್ಲವೋ ಎಂಬ ಅಂಜಿಕೆಯಿಂದ ಹರಿದದ್ದು ಆ ಎರಡು ಕಾಗದ.

ಮೊದಲು ಫೋಟೋ ನೋಡು. ಏಳು ಇವೆ, ಹಿಂದೆ ನಂಬರು ಬರೆದಿದ್ದೇನೆ. ನನ್ನಂಥವಳು ಫೋಟೋ ತೆಗೆಯುತ್ತ ಗುಡ್ಡ ಯಾಕೆ ಹತ್ತಿದಳು ಎಂದು ನಿನಗೆ ಆಶ್ಚರ್ಯವಾಗಿರಬೇಕು. ಇಪ್ಪತ್ತೇಳು ವರ್ಷ ಮಂದಿಗೆ "ದಿನಾ ನಡೀರಿ, ಅನ್ನಾ ಕಡಿಮಿ ಉಣ್ರಿ" ಎಂದು ಬುದ್ಧಿ ಹೇಳಿದ ನನಗೇ ಹೋದ ವರ್ಷ ಶುಗರ್ ಬಂತು. ನಮ್ಮ ಡಾಕ್ಟರು ರಿಪೋರ್ಟ್ ನೋಡಿ, ನನ್ನ ಮುಖ ನೋಡಿ ನಕ್ಕರು. ಅದೇ ಸಾಕಾಯಿತು. ರಾಮದುರ್ಗದ ರಸ್ತೆಗಳಲ್ಲಿ ಟ್ರ್ಯಾಕ್ಟರಿನ ಧೂಳು ಕುಡಿಯುತ್ತ ಒಂದು ತಿಂಗಳು ನಡೆದು ಬೇಸತ್ತು, ಒಂದು ರವಿವಾರ ಊರಿಗೆ ಹೋದಾಗ ಕೊಳ್ಳಕ್ಕೆ ಇಳಿದೆ. ಮುಂದಿನ ವಾರ ನಮ್ಮ ಲ್ಯಾಬಿನ ಬಾಳು ಜೊತೆಗೆ ಬಂದ. ಅವನು ತನ್ನ ಗೆಳೆಯರನ್ನು ತಂದ. ಈಗ ವಾರಕ್ಕೆ ಎಂಟು ಹತ್ತು ಮಂದಿ ಆಗುತ್ತಾರೆ, ಕಟಕೋಳದಿಂದಲೂ ಇಬ್ಬರು ಟೀಚರಮ್ಮಗಳು ಬರುತ್ತಾರೆ. ಎಲ್ಲರಿಗಿಂತ ಮುಂದೆ ನಾನೇ ಇರುತ್ತೇನೆ, ಏಕೆಂದರೆ ದಾರಿ ಗೊತ್ತಿರುವುದು ನನಗೊಬ್ಬಳಿಗೇ.

ಒಂದನೆಯದು ನಮ್ಮ ಕೇರಿಯ ಹಿಂದಿನ ಎರಡು ಜಾಲಿ ಗಿಡ. ದಾರಿ ಅಲ್ಲಿಂದಲೇ ಶುರು. ಬೆಳಗಿನ ಆರೂವರೆ ಗಂಟೆ, ತೆನೆ ಬಿಟ್ಟ ಜೋಳದ ಮೇಲೆ ಮಂಜು ಮಲಗಿದೆ. ಗಿಡದ ಕೆಳಗೆ ಕೈ ಎತ್ತಿ ನಿಂತವನು ನನ್ನ ತಮ್ಮ ಸದಾಶಿವ. ಚಿಕ್ಕವನಿದ್ದಾಗ ಮೂಗು ಸೋರಿಸಿಕೊಂಡು ನನ್ನ ಲಂಗ ಹಿಡಿದು ಬರುತ್ತಿದ್ದ, ನೆನಪಿದೆಯಾ? ಈಗ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾನೆ, ನನಗೇ ಬುದ್ಧಿ ಹೇಳುತ್ತಾನೆ.

ಎರಡನೆಯದು ಹಳ್ಳ. ಕೆಂಪು ಹಾಸುಗಲ್ಲಿನ ಮೇಲೆ ನೀರು ಒಂದು ಗೇಣು ಇದೆ, ಅಷ್ಟೇ, ಆದರೆ ತಳದ ಹರಳು ಎಣಿಸಬಹುದು. ಆಚೆ ದಂಡೆಯಲ್ಲಿ ಹಳದಿಯಾಗಿ ಕಾಣುವುದು ಕುಸುಬೆ, ಅದು ನಿನ್ನ ತಮ್ಮ ಗೌರೀಶನ ಹೊಲ. ಕಳೆದ ತಿಂಗಳು ನಮ್ಮ ದಂಡು ಹಾದು ಹೋಗುವಾಗ ಅವನು ಪಕ್ಕದ ಜೋಳದ ಹೊಲದಲ್ಲಿ ಸೀತನಿ ಸುಡುತ್ತಿದ್ದ. "ಬರ್ರಿ ಅಕ್ಕಾರ, ಹಂಗ ಹೋಗಬ್ಯಾಡ್ರಿ, ಕುಂದರ್ರಿ" ಎಂದು ಒತ್ತಾಯ ಮಾಡಿ ಹತ್ತು ಮಂದಿಯನ್ನೂ ಕೂಡಿಸಿದ. ತಾನೇ ತೆನೆ ತಿಕ್ಕಿ, ತೂರಿ, ಬಿಸಿ ಕಾಳನ್ನು ನನ್ನ ಬೊಗಸೆಗೆ ಹಾಕಿದ, ಮೇಲೆ ಶೇಂಗಾ ಚಟ್ನಿ. ನನ್ನ ಶುಗರ್ ಆ ದಿನ ಎಷ್ಟಿತ್ತೆಂದು ಕೇಳಬೇಡ. "ಉಮಕ್ಕ ಬರತಾಳಂತ್ರಿ, ನಿಮ್ಮ ಜೋಡಿ ಅಡ್ಡ್ಯಾಡಾಕ ಅಂತನ ಬರತಾಳಂತ್ರಿ" ಎಂದು ಹೇಳಿ ನಕ್ಕ. ಒಳ್ಳೆಯ ಹುಡುಗ. ಹುಡುಗ ಅನ್ನುತ್ತೇನೆ, ತಲೆ ಪೂರಾ ಬೆಳ್ಳಗಾಗಿದೆ.

ಮೂರನೆಯದು ಕೆಟ್ಟಿದೆ. ನವಿಲು ಹಾರುವಾಗ ತೆಗೆಯಲು ಹೋದೆ, ನನ್ನ ಹೆಬ್ಬೆರಳು ಬಂದಿದೆ, ನವಿಲಿನ ಬಾಲದ ತುದಿ ಬಂದಿದೆ. ದುಡ್ಡು ಕೊಟ್ಟು ಪ್ರಿಂಟ್ ಹಾಕಿಸಿದ್ದಕ್ಕೆ ಸದಾಶಿವ ಬೈದ. ನಾಲ್ಕನೆಯದರಲ್ಲಿ ಗುಡ್ಡದ ಗೋಡೆ ಇದೆ, ಬಿಸಿಲು ಬಿದ್ದಾಗ ಆ ಕಲ್ಲು ಕೆಂಪಗೆ ಹೊಳೆಯುವುದನ್ನು ಫೋಟೋ ಹಿಡಿಯಲಾರದು. ಕೆಳಗೆ ಬಂಡೆಯ ಗುಂಡಿಯಲ್ಲಿ ಬೇಸಿಗೆಯಲ್ಲೂ ನೀರು ನಿಲ್ಲುತ್ತದೆ, ಅದಕ್ಕೆ ನಾವು ದೊಣೆ ಅನ್ನುತ್ತೇವೆ. ಅದರ ಪಕ್ಕದ ಚಪ್ಪಟೆ ಕಲ್ಲಿನ ಮೇಲೆ ಈಗಿನ ಹುಡುಗರು ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ಬಾಳು ಅದಕ್ಕೆ ವ್ಯೂ ಪಾಯಿಂಟ್ ಎಂದು ಹೆಸರಿಟ್ಟಿದ್ದಾನೆ. ಐದನೆಯದು ಕೊಳ್ಳದ ಎತ್ತರದ ದಂಡೆ ಹತ್ತಿದ ಮೇಲೆ ತೆಗೆದದ್ದು. ದೂರದಲ್ಲಿ ಬಿಳಿ ಗೆರೆಯಂತೆ ಕಾಣುವುದು ಮಲಪ್ರಭೆ. ಈಚೆ ಕೆಳಗೆ ನಮ್ಮೂರು, ಹಿಂದಿನಿಂದ. ಪೆನ್ನಿನಲ್ಲಿ ಬಾಣ ಹಾಕಿದ್ದೇನೆ, ಅದು ನಿಮ್ಮ ಮನೆಯ ಹಿತ್ತಲು. ನಿಮ್ಮ ಮನೆಯ ಮುಂಬಾಗಿಲಿನ ಕೆತ್ತನೆ ಹೇಗಿದೆ ಎಂದು ನನಗೆ ಸರಿಯಾಗಿ ಗೊತ್ತಿಲ್ಲ ಉಮಾ. ಹಿತ್ತಲು ಗೊತ್ತು. ಬಣವೆ ಎಲ್ಲಿತ್ತು, ನೀನು ಯಾವ ಕಲ್ಲಿನ ಮೇಲೆ ಕೂತು ತಲೆ ಒಣಗಿಸುತ್ತಿದ್ದೆ, ಎಲ್ಲ ಗೊತ್ತು. ದಿನಾ ಶಾಲೆಗೆ ಹೋಗುವಾಗ ಆ ದಂಡೆಯ ಮೇಲಿಂದ ನೋಡುತ್ತಿದ್ದೆ.

ಆರನೆಯದು ಮುತ್ತುಗದ ಹೂವು, ಅದಕ್ಕೆ ನಾನು ಏನೂ ಬರೆಯುವುದಿಲ್ಲ, ನೀನೇ ನೋಡು.

ಈಗ ನಿನ್ನ ಪ್ರಶ್ನೆ. ನಮ್ಮ ಕೇರಿಯಿಂದ ಶಾಲೆಗೆ ನಿಮ್ಮ ಓಣಿಯಿಂದ ಹೋದರೆ ಹತ್ತು ನಿಮಿಷ. ಈ ದಾರಿಯಿಂದ ಮುಕ್ಕಾಲು ತಾಸು. ಹಳ್ಳ ದಾಟಿ, ಕೊಳ್ಳ ಬಳಸಿ, ದಂಡೆ ಹತ್ತಿ ಇಳಿದರೆ ಶಾಲೆಯ ಹಿಂದೆ ಬರುತ್ತದೆ. ನಮ್ಮವರು ಇದಕ್ಕೆ ಸುತ್ತುಹಾದಿ ಅನ್ನುತ್ತಿದ್ದರು. ನನ್ನ ಲಂಗದ ತುಂಬ ಮುಳ್ಳುಹುಲ್ಲು ಅಂಟಿರುತ್ತಿತ್ತು. ಬಸವಣ್ಣೆಪ್ಪ ಮಾಸ್ತರು ನಮ್ಮಿಬ್ಬರನ್ನು ಒಂದೇ ಸಾಲಿನಲ್ಲಿ ಕೂಡಿಸಿದ್ದರಲ್ಲ, ನೀನು ಲೆಕ್ಕ ಬಿಡಿಸುವುದು ಬಿಟ್ಟು ನನ್ನ ಲಂಗದ ಮುಳ್ಳು ಬಿಡಿಸುತ್ತಿದ್ದೆ. "ಎಲ್ಲೆಲ್ಲಿ ಅಡ್ಡ್ಯಾಡತೀಯವಾ ನೀ?" ಎಂದು ಕೇಳುತ್ತಿದ್ದೆ. ನಮ್ಮ ದಾರಿನ ಹಂಗ ಐತಿ ಎಂದು ನಾನು ಹೇಳುತ್ತಿದ್ದೆ.

ನಿಮ್ಮ ಓಣಿಯಲ್ಲಿ ನಾವು ಹೋಗಬಾರದು ಎಂದು ಯಾರೂ ಹೇಳಿರಲಿಲ್ಲ. ಹೋಗಬಹುದಿತ್ತು. ದೊಡ್ಡ ಮನೆಗಳ ಸಾಲು ಶುರುವಾಗುವ ಕಡೆ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಗುಡಿ ದಾಟಿದ ಮೇಲೆ ಮತ್ತೆ ಹಾಕಿಕೊಳ್ಳಬೇಕಿತ್ತು. ಅಷ್ಟೇ. ಕೇರಿಯ ಬಹಳ ಮಂದಿ ಹಾಗೇ ಹೋಗುತ್ತಿದ್ದರು. ನಮ್ಮವ್ವ ಕೆಂಪವ್ವ ಹೋಗುತ್ತಿರಲಿಲ್ಲ. "ಕೈಯಾಗ ಹಿಡಕೊಂಡ ಹತ್ತ ನಿಮಿಷ ಹೋಗೂದಕಿಂತ, ಕಾಲಾಗ ಮೆಟಗೊಂಡ ತಾಸಗಟ್ಟಲೆ ಹೋಗೂದ ಛಲೋ" ಎಂದು ಹೇಳಿ ಕೊಳ್ಳಕ್ಕೆ ಇಳಿಯುತ್ತಿದ್ದಳು. ಹುಲ್ಲಿನ ಹೊರೆ ತಲೆಯ ಮೇಲಿದ್ದರೂ ಅದೇ ದಾರಿ, ಹೊಟ್ಟೆಯಲ್ಲಿ ಸದಾಶಿವ ಇದ್ದಾಗಲೂ ಅದೇ ದಾರಿ. ನಮಗೂ ಅದನ್ನೇ ಕಲಿಸಿದಳು. ಆಗ ನನಗೆ ಅವ್ವನ ಮೇಲೆ ಬಹಳ ಸಿಟ್ಟು ಬರುತ್ತಿತ್ತು. ಎಲ್ಲರ ಮಕ್ಕಳೂ ಹೊತ್ತಿಗೆ ಸರಿಯಾಗಿ ಶಾಲೆಗೆ ಹೋಗುತ್ತಾರೆ, ನನಗೆ ಮಾತ್ರ ತಡವಾಗಿ ಬಂದದ್ದಕ್ಕೆ ಛಡಿ ಏಟು. ಈಗ ಅವಳ ಮೇಲೆ ಹೆಮ್ಮೆಯಾಗುತ್ತದೆ, ಹೇಳಿದರೆ ಮುಖ ತಿರುಗಿಸುತ್ತಾಳೆ.

ಹಾಗಾಗಿ ನಿನಗೆ ಈ ಕೊಳ್ಳ ಕಾಣಲಿಲ್ಲ. ಹತ್ತು ನಿಮಿಷದ ದಾರಿ ಇದ್ದ ನಿನಗೆ ಇದರ ಗರಜು ಬೀಳಲಿಲ್ಲ. ಅದು ನಿನ್ನ ತಪ್ಪೆಂದು ನಾನು ಬರೆಯುತ್ತಿಲ್ಲ. ಸದಾಶಿವ ಕಾಲೇಜಿಗೆ ಹೋಗುವ ಹೊತ್ತಿಗೆ ನೀನು ಮದುವೆಯಾಗಿ ಸಾಂಗಲಿಗೆ ಹೋಗಿದ್ದೆ. ಅವನೂ ಅವನ ಓರಗೆಯ ಹುಡುಗರೂ ಒಂದು ದಿನ ಬೆಳಿಗ್ಗೆ ಒಟ್ಟಾಗಿ ಕಾಲಲ್ಲಿ ಚಪ್ಪಲಿ ಹಾಕಿಕೊಂಡೇ ಓಣಿಯಲ್ಲಿ ನಡೆದರು. ನಾಲ್ಕು ದಿನ ಊರಿನಲ್ಲಿ ಮಾತು, ಬೈಗುಳ, ಆಮೇಲೆ ಏನೂ ಇಲ್ಲ. ಸುತ್ತುಹಾದಿಯಲ್ಲಿ ಹುಲ್ಲು ಬೆಳೆಯಿತು. ಅವ್ವನೂ ಆ ಮೇಲೆ ಅತ್ತ ಕಾಲಿಡಲಿಲ್ಲ.

ಜನವರಿಯ ಕೊನೆಯ ರವಿವಾರ ಅವಳನ್ನು ಕರೆದುಕೊಂಡು ಹೋಗಿದ್ದೆ. ಎಪ್ಪತ್ತೆಂಟು ಆಯಿತು ಅವಳಿಗೆ. ಹಳ್ಳದವರೆಗೆ ಸದಾಶಿವ ಗಾಡಿಯ ಮೇಲೆ ತಂದ, ಮುಂದೆ ಕೋಲು ಹಿಡಿದು ತಾನೇ ನಡೆದಳು. ದಾರಿಯುದ್ದಕ್ಕೂ ನಮ್ಮ ದಂಡಿನವರನ್ನು ಗೋಳುಹೊಯ್ದುಕೊಂಡಳು. "ಏ ತಮ್ಮಾ, ಇದರಾಗ ಏನ ಐತಂತ ಬುತ್ತಿ ಕಟಗೊಂಡ ಅಷ್ಟ ದೂರಿಂದ ಬಂದೀರಿ?" ಎಂದು ಬಾಳುವನ್ನು ಕೇಳಿದಳು. ಬಾಳು ಆ ಚಪ್ಪಟೆ ಕಲ್ಲು ತೋರಿಸಿ, "ಇದು ಭಾಳ ಛಂದ ಐತ್ರಿ ಆಯಿ, ಇದು ವ್ಯೂ ಪಾಯಿಂಟ್ರಿ" ಎಂದ. ಅವ್ವ ಬಹಳ ಹೊತ್ತು ಆ ಕಲ್ಲು ನೋಡಿದಳು. "ಪಾಯಿಂಟ್ ಅಲ್ಲಪಾ. ಇಲ್ಲೆ ನಾವು ಹೊರಿ ಇಳಸತಿದ್ವಿ" ಎಂದಳು. ಬಾಳು ಏನೋ ತಪ್ಪು ಹೇಳಿದವನಂತೆ ತಲೆ ತಗ್ಗಿಸಿ ಬುತ್ತಿಯ ಚೀಲ ಸರಿಮಾಡಿಕೊಳ್ಳತೊಡಗಿದ. ಅವ್ವನೇ ಅವನ ತೋಳು ಹಿಡಿದು, "ಯಾಕ ಸಪ್ಪಗಾದಿ? ಛಂದ ಇದ್ದದ್ದ ಖರೇನ ಐತಿ. ನೋಡಾಕ ನಮಗ ಎಲ್ಲಿ ಬರತಿತ್ತು? ತಲಿ ಎತ್ತಿದ್ರ ಹೊರಿ ಬೀಳತಿತ್ತು" ಎಂದು ನಕ್ಕಳು.

ಹಾಗೆ ಹೇಳಿ ತಲೆ ಎತ್ತಿದಳು ಉಮಾ. ಮೂವತ್ತು ವರ್ಷ ಆ ಗುಡ್ಡದ ಬುಡದಲ್ಲಿ ನಡೆದ ಹೆಂಗಸು, ಅವತ್ತೇ ಮೊದಲು ಅದರ ತುದಿ ನೋಡಿದ್ದು. "ಅಯ್ಯ ನಮ್ಮವ್ವ, ಇಷ್ಟ ಎತ್ತರ ಐತೇನ ಇದು?" ಎಂದಳು. ಏಳನೆಯ ಫೋಟೋ ಅದೇ. ಬಾಯಿ ತೆರೆದಿದೆ, ಸೆರಗು ಹೆಗಲಿಗೆ ಜಾರಿದೆ, ಕೋಲು ಎಲ್ಲಿದೆಯೋ ಅವಳಿಗೇ ಗೊತ್ತಿಲ್ಲ. ತೆಗೆಯುವಾಗ ನನ್ನ ಕಣ್ಣು ತುಂಬಿತ್ತು, ಆದರೂ ಇದೊಂದೇ ಫೋಟೋ ಸ್ವಲ್ಪವೂ ಅಲುಗಾಡಿಲ್ಲ. ನಮ್ಮ ಮನೆಯ ಗೋಡೆಗೆ ಇನ್ನೊಂದು ಪ್ರಿಂಟ್ ಕಟ್ಟು ಹಾಕಿಸಿದ್ದೇನೆ, ಬಾಬಾಸಾಹೇಬರ ಫೋಟೋದ ಕೆಳಗೆ ಇಟ್ಟಿದ್ದೇನೆ. ಬಂದವರಿಗೆಲ್ಲ ತೋರಿಸಿ, "ನೋಡ್ರಿ ಹೆಂಗ ಬಾಯಿ ಬಿಟಗೊಂಡ ನಿಂತೇನಿ" ಎಂದು ತನ್ನನ್ನೇ ತಾನು ಹಾಸ್ಯ ಮಾಡಿಕೊಳ್ಳುತ್ತಾಳೆ.

ವಾಪಸು ಬರುವಾಗ ನೀನು ಬರುವ ಸುದ್ದಿ ಹೇಳಿದೆ. ನೀನು ಕೇಳಿದ್ದನ್ನೂ ಹೇಳಿದೆ. ಸದಾಶಿವ, "ಹಳೇದೆಲ್ಲಾ ಹೇಳಬ್ಯಾಡಕ್ಕಾ. ಪಾಪ, ಅವರು ಖುಷೀಲೆ ಬರಾಕ ಹತ್ಯಾರ. ಮಗಳ ಮುಂದ ಯಾಕ ಮುಜುಗರ?" ಎಂದ. ನನಗೂ ಅದೇ ಸರಿ ಎನಿಸಿತ್ತು. ಮೂವತ್ತು ವರ್ಷದ ಮೇಲೆ ಸಿಕ್ಕ ಗೆಳತಿ ನೀನು. ಹಳೆಯ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ನಿನ್ನ ಹೆಸರು ನೋಡಿದ ದಿನ ನಾನು ವಾರ್ಡಿನಲ್ಲೇ ಕುಣಿದಿದ್ದೆ. ಈಗ ವಾರಕ್ಕೆ ಎರಡು ಸಲ ಮಾತಾಡದಿದ್ದರೆ ನನಗೆ ಸಮಾಧಾನವಿಲ್ಲ. ಅದನ್ನು ಕಳೆದುಕೊಳ್ಳುವ ಕೆಲಸ ನಾನೇ ಯಾಕೆ ಮಾಡಲಿ?

ಅವ್ವ ಮಾತ್ರ ಒಪ್ಪಲಿಲ್ಲ. "ಹೇಳದ ಕರಕೊಂಡ ಬಂದ್ರ ಆಕಿ ಬರೇ ಗುಡ್ಡಾ ನೋಡಿ ಹೋಗತಾಳ. ನಿನ್ನ ನೋಡೂದಿಲ್ಲ. ಹೇಳಿ ಕರಕೊಂಡ ಬಾ" ಎಂದಳು. ಮತ್ತೆ ಸ್ವಲ್ಪ ಹೊತ್ತಿಗೆ, "ಉಮವ್ವಗ ಸಜ್ಜಿ ರೊಟ್ಟಿ ಸೇರತದೇನ? ಕೇಳಿ ಇಡ" ಎಂದಳು. ಆದ್ದರಿಂದ ಕೇಳುತ್ತಿದ್ದೇನೆ, ಸಜ್ಜೆ ರೊಟ್ಟಿ ಸೇರುತ್ತದೆಯೇ? ಎಳ್ಳು ಹಚ್ಚಿ ಮಾಡುತ್ತಾಳಂತೆ, ಜೊತೆಗೆ ಬದನೆಕಾಯಿ. ಬುತ್ತಿ ನಮ್ಮದು. ನೀನು ಮೊಸರು ತಾ.

ಬರುವಾಗ ದಪ್ಪ ಅಟ್ಟೆಯ ಬೂಟು ಹಾಕಿಕೊಂಡು ಬಾ, ಮುಳ್ಳು ಬಹಳ. ಮಧುಗೆ ಟೋಪಿ ಇರಲಿ. ದಂಡೆ ಹತ್ತುವಾಗ ನಿನ್ನ ಮೊಣಕಾಲಿಗೆ ತ್ರಾಸಾದರೆ ನನ್ನ ಹೆಗಲು ಇದೆ. ನಡುವೆ ನಾಲ್ಕು ಕಡೆ ಕೂಡುವ ಜಾಗ ನನಗೆ ಗೊತ್ತು, ಅವಸರ ಮಾಡುವುದಿಲ್ಲ. ಮಳೆಯಿಲ್ಲದೆ ಹಳ್ಳ ಒಂದಿಷ್ಟು ಸಣ್ಣಗಾಗಿರುತ್ತದೆ, ಆದರೆ ಮುತ್ತುಗ ಆಗ ಪೂರ್ತಿ ಅರಳಿರುತ್ತದೆ, ಇಡೀ ಕೊಳ್ಳ ಕೇಸರಿ. ಆಮೇಲೆ ಬೇಕಾದರೆ ಎಲ್ಲರೂ ಕೂಡಿ ಹೂಲಿಯ ಗುಡಿಗಳಿಗೆ ಹೋಗೋಣ, ಬಾಳುವಿನ ಗಾಡಿ ಇದೆ.

ಮಧುಗೆ ಈ ಭಾಗ್ಯಾ ಮೌಶಿಯ ತುಂಬು ಆಶೀರ್ವಾದ. ಓದಿ ದೊಡ್ಡವಳಾಗಲಿ, ಅವಳಿಗೆ ಬೇಕಾದ ದಾರಿ ಅವಳಿಗೆ ಸಿಗಲಿ. ನಿಮ್ಮ ಮನೆಯವರಿಗೆ ನಮಸ್ಕಾರ. ನಿನಗೆ ನೂರು ವರ್ಷ ಗಟ್ಟಿ ಮೊಣಕಾಲು ಇರಲಿ.

ನಿನ್ನ
ಭಾಗ್ಯಾ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಮೇಲೆ ಬರೆದದ್ದು ಊರಿನ ಮಾತು. ನಮ್ಮಿಬ್ಬರ ಮಾತು ಒಂದು ಉಳಿದಿದೆ.

ಐದನೆಯ ತರಗತಿ ಶುರುವಾದ ವಾರ. ನಾಲ್ಕನೆಯದರಲ್ಲಿ ಪಾಸಾದೆನೆಂದು ಅಪ್ಪ ರಾಮದುರ್ಗದ ಸಂತೆಯಿಂದ ಕೆಂಪು ಪಟ್ಟಿಯ ಚಪ್ಪಲಿ ತಂದಿದ್ದ. ಶಾಲೆಯಲ್ಲಿ ಅದನ್ನು ನೋಡಿ ನೀನು, "ನಾಳೆ ನಮ್ಮ ಓಣೀಲೆ ಬಾರ, ಇಬ್ಬರೂ ಕೂಡೇ ಸಾಲಿಗೆ ಹೋಗೂಣು" ಎಂದೆ. ಮರುದಿನ ಅವ್ವನಿಗೆ ಹೇಳದೆ ನಿಮ್ಮ ಓಣಿಗೆ ಬಂದೆ. ಗೆಳತಿ ಕರೆದಿದ್ದಾಳೆ ಎಂಬ ಧೈರ್ಯದಲ್ಲಿ ಚಪ್ಪಲಿ ಬಿಚ್ಚಲಿಲ್ಲ. ನಿಮ್ಮ ಕಟ್ಟೆಯ ಮೇಲೆ ನಿಮ್ಮ ಆಯಿ ರಾಚವ್ವನವರು ಕೂತಿದ್ದರು, ನೀನು ಪಾಟಿಚೀಲ ಹಾಕಿಕೊಂಡು ಅವರ ಹಿಂದೆ ಬಾಗಿಲಲ್ಲಿ ನಿಂತಿದ್ದೆ. ಅವರು ನನಗೆ ಬೈದರು, ಏನು ಬೈದರೋ ಈಗ ಒಂದು ಶಬ್ದವೂ ನೆನಪಿಲ್ಲ. ಆಮೇಲೆ ತಿರುಗಿ, "ಉಮಾ, ಈಕಿನ್ನ ನೀ ಕರದಿಯೇನ?" ಎಂದು ಕೇಳಿದರು. "ಇಲ್ಲ ಆಯಿ, ನಾ ಕರದಿಲ್ಲ" ಎಂದೆ ನೀನು. ಅದು ನೆನಪಿದೆ.

ನಾನು ಚಪ್ಪಲಿ ಕೈಗೆ ತೆಗೆದುಕೊಂಡು ವಾಪಸು ಓಡಿದೆ. ಮರುದಿನ ನೀನು ನನಗೆ ಬಾರಿಹಣ್ಣಿನ ಹಿಂಡಿ ತಂದುಕೊಟ್ಟೆ, ನಾನು ತಿಂದೆ, ಇಬ್ಬರೂ ಆ ಮಾತು ಎತ್ತಲಿಲ್ಲ. ಹತ್ತು ವರ್ಷದ ಹುಡುಗಿ ಅಂಜಿ ಆಡಿದ ಮಾತು ಅದು, ನನಗೆ ಗೊತ್ತು. ಗೊತ್ತಿದ್ದರೂ ನಲವತ್ತು ವರ್ಷ ನೋಯುತ್ತಲೇ ಇದೆ, ಏನು ಮಾಡಲಿ?

ಮಾರ್ಚ್ ಎರಡರ ಬೆಳಿಗ್ಗೆ ಆರು ಗಂಟೆಗೆ ನಿನ್ನನ್ನು ಕರೆದುಕೊಂಡು ಹೋಗಲು ನಾನೇ ನಿಮ್ಮ ಮನೆಗೆ ಬರುತ್ತೇನೆ, ಓಣಿಯಿಂದಲೇ. ಈಗ ಅಲ್ಲಿ ಯಾರೂ ಏನೂ ಕೇಳುವುದಿಲ್ಲ, ಗೌರೀಶ ಚಹಾ ಕುಡಿಸದೆ ಬಿಡುವುದೂ ಇಲ್ಲ. ಆದರೂ ನೀನು ಮಧುವಿನ ಕೈ ಹಿಡಿದು ಕಟ್ಟೆಯ ಮೇಲೆ ಬಂದು ನಿಲ್ಲು. ಯಾರೂ ಕೇಳದಿದ್ದರೂ, ಓಣಿಗೆಲ್ಲ ಕೇಳುವಂತೆ ಒಂದು ಸಲ ಹೇಳು: "ಈಕಿನ್ನ ನಾನ ಕರದೇನಿ."